ಬಲೆಹುಳದ ಬೆನ್ನು ಹತ್ತಿ ಜಪಾನಿಗೆ

ಸಂಸೆ

ಜಪಾನಿಗೆ ಹೋಗುವವರು ಹೂ ನೋಡಲು ಹೋಗುತ್ತಾರೆ, ಇಲ್ಲವೇ ವೇಗದ ರೈಲು ಹತ್ತಲು ಹೋಗುತ್ತಾರೆ. ನಾನು ಹೋದದ್ದು ಒಂದು ಹಳ್ಳ ನೋಡಲು. ಹೀಗೆಂದು ಹೇಳಿದಾಗ ಅತ್ತಿಗೆ ಕಾಫಿ ಹಣ್ಣಿನ ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ಎಂತ ಮಾರಾಯ್ತಿ, ಹಳ್ಳ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಮನೆ ಹಿಂದೇನೇ ಹರೀತಾ ಇದ್ಯಲ್ಲ, ಅದಕ್ಕೆಂತ ಆಗಿದೆ?"

ಏನಾಗಿದೆ ಎಂದು ಹೇಳುವುದೇ ಕಷ್ಟ. ನೋಡಿದರೆ ಏನೂ ಆಗಿಲ್ಲ. ನೀರು ಕನ್ನಡಿಯ ಹಾಗಿದೆ, ತಳದ ಮರಳು ಕಾಣುತ್ತದೆ.

ನಾನು ಮೂಡಿಗೆರೆಯಲ್ಲಿ ಕಾಲೇಜು ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅಣ್ಣನ ಕಾಫಿ ತೋಟ ಸಂಸೆಯಲ್ಲಿ. ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ, ಸೀರೆ ಎತ್ತಿ ಕಟ್ಟಿ, ಹಳ್ಳಕ್ಕಿಳಿದು ಕಲ್ಲು ಮಗುಚುವುದು ನನ್ನ ಚಟ. ಕಲ್ಲಿನಡಿ ಒಂದು ಹುಳ ಇರುತ್ತದೆ. ರೆಕ್ಕೆ ಬಂದು ಹಾರುವ ತನಕ ಅದರ ಬದುಕೆಲ್ಲ ನೀರಿನೊಳಗೆ. ಬಾಯಿಂದ ರೇಷ್ಮೆಯಂಥ ನೂಲು ತೆಗೆದು ಎರಡು ಕಲ್ಲಿನ ನಡುವೆ ಬಲೆ ಕಟ್ಟುತ್ತದೆ. ಹರಿದು ಬರುವ ಪಾಚಿ, ಎಲೆಚೂರು ಬಲೆಗೆ ಬಿದ್ದರೆ ಅದೇ ಊಟ. ಪುಸ್ತಕದಲ್ಲಿ ಇದಕ್ಕೆ ನಾಲಿಗೆ ತಿರುಗದ ಹೆಸರಿದೆ. ನಾನು ವಿದ್ಯಾರ್ಥಿಗಳಿಗೆ ಬಲೆಹುಳ ಎಂದೇ ಹೇಳಿಕೊಡುತ್ತೇನೆ. ಹಳ್ಳದ ಮೀನು ಬದುಕುವುದು ಇದನ್ನು ತಿಂದು. ಹುಳ ಹಾರಲು ಕಲಿತ ಮೇಲೆ ಹಕ್ಕಿಗೂ ಬಾವಲಿಗೂ ಇದೇ ಆಹಾರ.

ಕೆಲವು ವರ್ಷಗಳಿಂದ ಈ ಬಲೆಗಳಲ್ಲಿ ಬಣ್ಣ ಕಾಣತೊಡಗಿತ್ತು. ಸೂಕ್ಷ್ಮದರ್ಶಕದಡಿ ಇಟ್ಟರೆ ನೀಲಿ ಎಳೆ: ಕಾಫಿ ಒಣಗಿಸುವ ಟಾರ್ಪಾಲಿನದು. ಹಸಿರು ಎಳೆ ನರ್ಸರಿಯ ನೆರಳುಬಲೆಯದು. ಬಿಳಿಯದು ಗೊಬ್ಬರದ ಚೀಲದ್ದು. ಕೆಂಪು, ಕಪ್ಪು ಎಳೆಗಳು ಮೇಲಿನ ಹೋಂಸ್ಟೇಗಳಲ್ಲಿ ಬಟ್ಟೆ ಒಗೆದ ನೀರಿನವು. ಬಿಸಿಲು ಮಳೆಗೆ ಸವೆದು ಪುಡಿಯಾದ ಪ್ಲಾಸ್ಟಿಕ್ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಳ್ಳಕ್ಕಿಳಿದಿತ್ತು. ಹುಳಕ್ಕೆ ಅದು ತಿಳಿಯುವುದಿಲ್ಲ. ತನ್ನ ನೂಲಿನ ಜೊತೆ ಅದನ್ನೂ ಸೇರಿಸಿ ನೇಯುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಬಲೆಗಳು ಜೋತುಬಿದ್ದಿರುತ್ತಿದ್ದವು. ಬರಬರುತ್ತಾ ಕಲ್ಲು ಮಗುಚಿದರೆ ಬರೀ ಕಲ್ಲು.

ಹುಳ ಕಡಿಮೆಯಾದದ್ದು ಇದರಿಂದಲೇ ಎಂದು ಹೇಳಬೇಕಾದರೆ, ಹೋಲಿಸಿ ನೋಡಲು ಪ್ಲಾಸ್ಟಿಕ್ ಸೋಕದ ಒಂದು ಹಳ್ಳ ಬೇಕು. ಹೊರನಾಡಿನ ಮೇಲಿನ ಕಾಡಿನಲ್ಲಿ ಹುಡುಕಿದೆ, ಸಿಗಲಿಲ್ಲ. ದೇವರಮನೆಯ ಹುಲ್ಲುಗುಡ್ಡದ ನೆತ್ತಿಯಲ್ಲಿ, ಆಕಾಶ ಬಿಟ್ಟರೆ ಮೇಲೆ ಮತ್ತೇನೂ ಇಲ್ಲದ ಕಡೆ ಹುಟ್ಟುವ ಒಂದು ಸಣ್ಣ ತೊರೆಯಲ್ಲಿ ಖಂಡಿತ ಸಿಗುತ್ತದೆ ಎಂದುಕೊಂಡಿದ್ದೆ. ಅಲ್ಲಿನ ಬಲೆಯಲ್ಲೂ ಎಳೆಗಳಿದ್ದವು. ಅವು ಗಾಳಿಯಲ್ಲಿ ಬಂದು ಮಳೆಯಲ್ಲಿ ಇಳಿದವು.

ಆಗ ಪತ್ರದ ಮೂಲಕ ಪರಿಚಯವಾದವಳು ಮಿದೋರಿ. ಜಪಾನಿನ ನಟ್ಟನಡುವೆ, ಎರಡು ಬೆಟ್ಟಸಾಲುಗಳ ನಡುವಿನ ಇನಾ ಎಂಬ ಕಣಿವೆಯವಳು. ನಮ್ಮ ಬಲೆಹುಳದ ಹತ್ತಿರದ ಸಂಬಂಧಿ ಅಲ್ಲಿನ ತೆನ್ರ್ಯೂ ನದಿಯಲ್ಲಿದೆ. ಅವಳ ಕೆಲಸ ಅದರ ಮೇಲೆ. ನಾನು ಕಳಿಸಿದ ಬಲೆಗಳ ಫೋಟೊ ನೋಡಿ ಅವಳು ಬರೆದಳು: "ನಮ್ಮಲ್ಲಿ ಊರುಗಳೆಲ್ಲ ಮುಗಿದ ಮೇಲೆ ಬೆಟ್ಟದಲ್ಲಿ ಒಂದು ಹಳ್ಳವಿದೆ. ಅದನ್ನು ಇನ್ನೂ ಪರೀಕ್ಷಿಸಿಲ್ಲ. ಬನ್ನಿ, ಇಬ್ಬರೂ ಸೇರಿ ನೋಡೋಣ."

ಹೋಗಿ ಬರುತ್ತೇನೆ ಎಂದಾಗ ಅಣ್ಣ ಅಂಗಳದಲ್ಲಿ ಕಾಫಿ ಹರಡುತ್ತಿದ್ದ. "ಅಲ್ಲಿ ರಸ್ತೆಯಲ್ಲಿ ಒಂದು ಕಾಗದದ ಚೂರೂ ಬಿದ್ದಿರಲ್ವಂತೆ. ನಿಂಗೆ ಬೇಕಾದ ಹಳ್ಳ ಸಿಕ್ಕೇ ಸಿಗ್ತದೆ ನೋಡು" ಎಂದ. ನಾನೂ ಹಾಗೆಯೇ ನಂಬಿದ್ದೆ.

ಇನಾ ಕಣಿವೆ

ಹುಳಗಳನ್ನು ದೇಶದಾಚೆ ಒಯ್ಯಲು ಅನುಮತಿ ಬೇಕು, ಅದು ನಾನು ಹೊರಡುವುದರೊಳಗೆ ಬರಲಿಲ್ಲ. ಹಾಗಾಗಿ ಚೀಲದಲ್ಲಿ ಇದ್ದದ್ದು ಫೋಟೊಗಳು, ಅತ್ತಿಗೆ ಕಟ್ಟಿಕೊಟ್ಟ ಚಟ್ನಿಪುಡಿ, ಅವಲಕ್ಕಿ, ಮತ್ತು ಚಳಿಗೆಂದು ಚಿಕ್ಕಮಗಳೂರಿನಲ್ಲಿ ಕೊಂಡ ನೇರಳೆ ಬಣ್ಣದ ಮೆತ್ತನೆಯ ಜಾಕೆಟ್.

ರೈಲು ಬೆಟ್ಟಗಳ ನಡುವೆ ನುಗ್ಗಿದಂತೆ ನನಗೆ ಕಳಸದ ದಾರಿ ನೆನಪಾಯಿತು. ಒಂದು ಬದಿ ಇಳಿಜಾರು, ಇನ್ನೊಂದು ಬದಿ ನದಿ, ಚೂರುಪಾರು ಗದ್ದೆ. ನಮ್ಮ ಬೆಟ್ಟದ ನೆತ್ತಿಯಲ್ಲಿ ಮಂಜು ಮುಸುಕುವ ಕಡೆ ಇಲ್ಲಿ ಹಿಮ ಗಟ್ಟಿಯಾಗಿ ಕೂತಿತ್ತು. ಗಾಡಿಯೊಳಗೆ ಒಬ್ಬರೂ ಜೋರಾಗಿ ಮಾತಾಡುವುದಿಲ್ಲ. ಸಂಸೆ ಬಸ್ಸಿನಲ್ಲಿ ಕಂಡಕ್ಟರ ಬಳಿಯೂ ಮನೆಮಂದಿಯ ಆರೋಗ್ಯ ವಿಚಾರಿಸಿ ಅಭ್ಯಾಸವಿರುವ ನನಗೆ ಗಂಟಲು ಒಣಗಿತು.

ನಿಲ್ದಾಣದಲ್ಲಿ ಮಿದೋರಿ ಮತ್ತು ಅವಳ ತಂದೆ ಶಿಗೆರು ಕಾಯುತ್ತಿದ್ದರು. ಮಿದೋರಿಗೆ ನನ್ನದೇ ವಯಸ್ಸು, ಐವತ್ತರ ಆಸುಪಾಸು. ತಂದೆ ಎಂಬತ್ತು ದಾಟಿದವರು, ಗಿಡ್ಡ, ಗಟ್ಟಿ ಆಳು. ಅವರಿಗೆ ಇಂಗ್ಲಿಷ್ ಬಾರದು. ನಡುವೆ ಮಗಳು ನಿಂತು ಮಾತು ದಾಟಿಸುತ್ತಿದ್ದಳು. ನಾನು ಉಳಿದುಕೊಂಡದ್ದು ಅವರ ಮನೆಯಲ್ಲೇ.

ಮೊದಲ ದಿನವೇ ಒಂದು ಎಡವಟ್ಟು ಮಾಡಿಕೊಂಡೆ. ಸಂಜೆ ಸ್ನಾನಕ್ಕೆ ಅತಿಥಿಯೇ ಮೊದಲು ಎಂದರು. ಮೈ ತೊಳೆದುಕೊಂಡು, ಎದೆಮಟ್ಟದ ತೊಟ್ಟಿಯ ಬಿಸಿನೀರಿನಲ್ಲಿ ಕೂತು, ಎದ್ದ ಮೇಲೆ ಮರ್ಯಾದೆಯಿಂದ ತಳದ ಬಿರಡೆ ಕಿತ್ತೆ. ನಾನು ಮಿಂದ ನೀರನ್ನು ಇನ್ನೊಬ್ಬರಿಗೆ ಬಿಡುವುದುಂಟೇ! ಹೊರಗೆ ಬಂದರೆ ಶಿಗೆರು ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದಾರೆ. ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಸರದಿಯ ಮೇಲೆ ಕೂರುವುದು ಅಲ್ಲಿಯ ರೂಢಿ. ಗಳಗಳನೆ ನೀರು ಹೋಗುವ ಸದ್ದು ಕೇಳಿ ಅವರ ಮುಖ ಒಂದು ಕ್ಷಣ ಇಳಿಯಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ಹೊತ್ತಿಗೂ ನೆನೆದು ನೆನೆದು ನಗುತ್ತಿದ್ದರು.

ಊಟಕ್ಕೆ ಕೂತಾಗ ಅವರು ಒಂದು ಮುಚ್ಚಳದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದಿಟ್ಟರು. ಒಳಗೆ ಕಪ್ಪಗೆ ಹೊಳೆಯುವ, ಬೆಲ್ಲದ ಪಾಕ ಹಿಡಿದಂಥ ಏನೋ. ಬಗ್ಗಿ ನೋಡಿದೆ. ಬಲೆಹುಳ!

ಚಳಿಗಾಲದಲ್ಲಿ ನದಿಗಿಳಿದು, ಕಲ್ಲು ಕೆದಕಿ, ಕೆಳಗೆ ಬಲೆಯೊಡ್ಡಿ ಈ ಹುಳಗಳನ್ನು ಹಿಡಿಯುವುದು, ಸೋಯಾ ರಸ ಮತ್ತು ಸಕ್ಕರೆಯಲ್ಲಿ ಬತ್ತಿಸಿ ಇಡುವುದು ಆ ಕಣಿವೆಯ ಹಳೆಯ ಪದ್ಧತಿ. ಸಮುದ್ರ ದೂರ, ಹಿಮ ಬಿದ್ದರೆ ದಾರಿ ಬಂದ್. ಬಡವರಿಗೆ ಚಳಿಗಾಲದ ಬಲ ಇದೇ ಆಗಿತ್ತಂತೆ. ಈಗ ಹಿಡಿಯುವವರು ಬೆರಳೆಣಿಕೆಯ ಮುದುಕರು. ಶಿಗೆರು ಅವರಲ್ಲೊಬ್ಬರು.

ನಾವು ಮಾಂಸ ತಿನ್ನುವವರಲ್ಲ, ಪೂಜೆ ಪುನಸ್ಕಾರದ ಮನೆತನ ಎಂದು ಸಂಕೋಚದಿಂದ ಹೇಳಿದೆ. ಅವರು ಬೇಸರಪಡಲಿಲ್ಲ. "ನಮ್ಮ ಗುಡಿಯ ಸನ್ಯಾಸಿಗಳೂ ಹಾಗೆಯೇ" ಎಂದು ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಸಂಸೆಯ ಹುಳದ ಫೋಟೊ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಇದೇ ತಲೆ, ಇದೇ ಉದ್ದ ಮೂತಿ. ಅಷ್ಟು ದೂರ ಹೋಗಿ ನೆಲೆಸಿದವೇ ಇವು!" ಎಂದರು, ಊರು ಬಿಟ್ಟು ಹೋದ ನೆಂಟರ ಸುದ್ದಿ ಸಿಕ್ಕಿದವರ ಹಾಗೆ. "ಮಿದೋರಿಗೆ ಹಲ್ಲು ಬಂದ ವರ್ಷದಿಂದ ಇದನ್ನೇ ತಿನ್ನಿಸಿದ್ದೇನೆ. ಅದಕ್ಕೇ ಅವಳು ಹುಳದ ಡಾಕ್ಟರ್ ಆದಳು."

ಮಿದೋರಿ ಮಾತು ದಾಟಿಸಿದಳು. ಆದರೆ ತಾನು ಆ ಬಟ್ಟಲಿಗೆ ಕೈ ಹಾಕಲಿಲ್ಲ. ತಂದೆ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಪ್ರಯೋಗಾಲಯ

ಮರುದಿನ ಮಿದೋರಿ ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಳು. ಬಾಗಿಲಲ್ಲೇ ನನ್ನನ್ನು ತಡೆದು ಹತ್ತಿಯ ನಿಲುವಂಗಿ ಕೊಟ್ಟಳು. ಜಾಕೆಟ್ ಮೇಲೆಯೇ ಅದನ್ನು ತೊಟ್ಟುಕೊಂಡೆ. ಒಳಗೆ ತುಂಬ ಚಳಿ. ಬೆಳಗಿನ ಹೊತ್ತು ನದಿಯ ಒಂದಿಷ್ಟು ಹುಳಗಳ ಹೊಟ್ಟೆ ಬಿಡಿಸಿ ಜೋಡಿಸಿಟ್ಟೆವು. ಪಕ್ಕದಲ್ಲಿ ಬರೀ ಶುದ್ಧ ನೀರಿನ ಒಂದು ಗಾಜಿನ ತಟ್ಟೆಯನ್ನು ತೆರೆದಿಟ್ಟಿದ್ದಳು; ಕೋಣೆಯ ಗಾಳಿಯಿಂದ ಏನು ಬೀಳುತ್ತದೆ ಎಂದು ತಿಳಿಯಲು. ಮಧ್ಯಾಹ್ನ ಆ ತಟ್ಟೆಯನ್ನು ನೋಡಿದವಳು ಮೆಲ್ಲಗೆ ನನ್ನ ತೋಳಿನತ್ತ ನೋಡಿದಳು. ತಟ್ಟೆಯ ತುಂಬ ನೇರಳೆ ಎಳೆಗಳು.

ನನ್ನ ಚಿಕ್ಕಮಗಳೂರಿನ ಜಾಕೆಟ್! ಅದು ಹತ್ತಿಯಲ್ಲ, ಉಣ್ಣೆಯಲ್ಲ, ಶುದ್ಧಾನುಶುದ್ಧ ಪ್ಲಾಸ್ಟಿಕ್. ಕೈ ಆಡಿಸಿದಾಗಲೆಲ್ಲ ನಿಲುವಂಗಿಯ ತೋಳಿನ ತುದಿಯಿಂದ ಉದುರುತ್ತಿತ್ತು. ಬೆಳಗಿನ ಕೆಲಸವನ್ನೆಲ್ಲ ಚೆಲ್ಲಬೇಕಾಯಿತು. ಮಿದೋರಿ ತನ್ನ ಉಣ್ಣೆಯ ಅಂಗಿಯೊಂದನ್ನು ಕೊಟ್ಟು, "ಎಲ್ಲರೂ ಹೀಗೇ ಬರುತ್ತಾರೆ" ಎಂದಳು.

ಆಮೇಲೆ ಅವಳು ಹಿಂದಿನ ಕೋಣೆಯ ಬಾಗಿಲು ತೆರೆದಳು. ಅಲ್ಲೊಂದು ಹಳ್ಳವಿತ್ತು. ಗಾಜು ಮತ್ತು ಉಕ್ಕಿನಿಂದ ಮಾಡಿದ ಉದ್ದದ ಕಾಲುವೆ, ಮತ್ತೆ ಮತ್ತೆ ಸೋಸಿದ ನೀರು, ಕುದಿಸಿ ತೊಳೆದ ಕಲ್ಲು. ಹುಳಕ್ಕೆ ಹಾಕುವ ಪಾಚಿಯನ್ನೂ ಗಾಜಿನಲ್ಲೇ ಬೆಳೆಸುತ್ತಾರೆ. ಹೊರಗಿನದನ್ನು ತಂದರೆ ಜೊತೆಗೆ ಪ್ಲಾಸ್ಟಿಕ್ಕೂ ಬರುತ್ತದೆ. ಒಳಗೆ ಮೊಟ್ಟೆಯಿಂದ ಅಲ್ಲೇ ಬೆಳೆದ ಬಲೆಹುಳಗಳು. ಅವುಗಳ ಬಲೆ ನೋಡಿ ನಾನು ನಿಂತಲ್ಲೇ ನಿಂತೆ. ಬಿಗಿಯಾಗಿ, ಕಣ್ಣು ಕಣ್ಣೂ ಸಮನಾಗಿ, ನೀರಿನ ರಭಸಕ್ಕೆ ದುಂಡಗೆ ಉಬ್ಬಿ ನಿಂತ ಬಲೆ. ನಾನು ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ಹಳ್ಳದಲ್ಲಿ ಕಂಡಂಥದ್ದು. ಅಂಥದ್ದು ಇತ್ತು ಎಂಬುದೇ ನನಗೆ ಮರೆತುಹೋಗಿತ್ತು.

ಪಕ್ಕದ ಕಾಲುವೆಯಲ್ಲಿ ನದಿಯಲ್ಲಿರುವಷ್ಟೇ ಪ್ಲಾಸ್ಟಿಕ್ ಬೆರೆಸಿದ್ದಳು. ಅಲ್ಲಿಯ ಹುಳಗಳು ದಿನವಿಡೀ ಹರಿದ ಬಲೆ ರಿಪೇರಿ ಮಾಡುತ್ತಲೇ ಇದ್ದವು. ರೆಕ್ಕೆ ಬಂದು ಹೊರಬಂದವು ಸಣ್ಣವು, ಮೊಟ್ಟೆ ಕಡಿಮೆ. ಕೆಲವು ಹೊರಬರಲೇ ಇಲ್ಲ.

"ನಿಮ್ಮ ತಂದೆಗೆ ಇದು ಗೊತ್ತೇ?" ಎಂದು ಕೇಳಿದೆ.

"ಅವರು ಕೇಳಿಲ್ಲ. ನಾನು ಹೇಳಿಲ್ಲ" ಎಂದಳು ಮಿದೋರಿ. "ಅವರ ನದಿಯ ಹುಳದ ಹೊಟ್ಟೆಯಲ್ಲಿ ಗದ್ದೆಗೊಬ್ಬರದ ಸಿಪ್ಪೆಗಳಿವೆ. ಇಲ್ಲಿ ಗೊಬ್ಬರದ ಕಾಳಿಗೆ ತೆಳುವಾದ ಪ್ಲಾಸ್ಟಿಕ್ ಹೊದಿಸುತ್ತಾರೆ, ನಿಧಾನಕ್ಕೆ ಕರಗಲಿ ಎಂದು. ಗೊಬ್ಬರ ಕರಗುತ್ತದೆ, ಸಿಪ್ಪೆ ನದಿಗೆ ಬರುತ್ತದೆ. ಅಪ್ಪ ಆ ಸಿಪ್ಪೆಗಳನ್ನು ಬಲೆಯಲ್ಲಿ ಕಂಡಿದ್ದಾರೆ. ಮೀನಿನ ಮೊಟ್ಟೆ ಎಂದುಕೊಂಡು ಜೋಪಾನವಾಗಿ ನೀರಿಗೇ ಬಿಡುತ್ತಾರೆ."

ಬೆಟ್ಟದ ಹಳ್ಳ

ಆ ಮೇಲಿನ ಹಳ್ಳವನ್ನು ಇಷ್ಟು ವರ್ಷ ಏಕೆ ಪರೀಕ್ಷಿಸಲಿಲ್ಲ ಎಂಬುದು ದಾರಿಯಲ್ಲಿ ತಿಳಿಯಿತು. ಅದು ಶಿಗೆರು ಹುಟ್ಟಿ ಬೆಳೆದ ಜಾಗ. ಅಲ್ಲಿದ್ದ ನಾಲ್ಕಾರು ಮನೆಗಳು ಎಂದೋ ಖಾಲಿಯಾಗಿ ಕಾಡು ಸೇರಿವೆ. ಅಲ್ಲೂ ಪ್ಲಾಸ್ಟಿಕ್ ಕಂಡರೆ ಎಂಬ ಭಯಕ್ಕೆ ಒಬ್ಬಳೇ ಹೋಗಿ ನೋಡಲು ಮಿದೋರಿಗೆ ಧೈರ್ಯವಾಗಿರಲಿಲ್ಲ.

ಮೂವರೂ ಹತ್ತಿದೆವು. ಶಿಗೆರು ಮುಂದೆ. ಹಿಮದಲ್ಲಿ ನಾನು ಎರಡು ಸಲ ಜಾರಿ ಕೂತೆ. ಪ್ರತಿ ಸಲವೂ ಅವರು ಕೈ ಕೊಟ್ಟು ಎಬ್ಬಿಸಿ, ತೊಟ್ಟಿಯ ಬಿರಡೆ ಕೀಳುವ ಹಾಗೆ ಅಭಿನಯಿಸಿ ನಗಿಸಿದರು. ಊರು ಹಿಂದಾಯಿತು, ಗದ್ದೆ ಹಿಂದಾಯಿತು, ರಸ್ತೆಯೂ ಮುಗಿಯಿತು. ಕಡೆಗೆ ಬಂಡೆಗಳ ನಡುವೆ ಕರಿಯ ನೀರು ಕಾಣಿಸಿತು. ಅಂಚಿನಲ್ಲಿ ಹಿಮದ ದಪ್ಪ ತುಟಿ. ಶಿಗೆರು ಮೊಣಕಾಲೂರಿ ಬೊಗಸೆಯಲ್ಲಿ ನೀರೆತ್ತಿ ಕುಡಿದರು. "ರುಚಿ ಅದೇ ಇದೆ" ಎಂದರು. ನನಗೂ ಕುಡಿಸಿದರು. ಹಲ್ಲು ಜುಮ್ಮೆಂದಿತು.

ಉಕ್ಕಿನ ಜರಡಿ, ಗಾಜಿನ ಸೀಸೆ, ಮೈಮೇಲೆ ಹತ್ತಿ ಮತ್ತು ಉಣ್ಣೆ ಮಾತ್ರ. ಈ ಸಲ ಎಲ್ಲ ಎಚ್ಚರಿಕೆ ತೆಗೆದುಕೊಂಡಿದ್ದೆವು. ಬಲೆಹುಳ ಸಿಕ್ಕಿತು, ಬಲೆಯೂ ಸಿಕ್ಕಿತು. ಇಳಿಯುವಾಗ ಸೀಸೆಯನ್ನು ಶಿಗೆರು ತಮ್ಮ ಎದೆಗವಚಿಕೊಂಡೇ ಬಂದರು. ನಾನು ಮನಸ್ಸಿನಲ್ಲೇ ಬರೆಯತೊಡಗಿದ್ದೆ: ಕಡೆಗೂ ಒಂದು ಹಳ್ಳ ಸಿಕ್ಕಿತು.

ಪ್ರಯೋಗಾಲಯದಲ್ಲಿ ಮಿದೋರಿ ಮೊದಲು ಬರೀ ನೀರಿನ ತಟ್ಟೆಯನ್ನು ನೋಡಿದಳು. ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಬಲೆಯನ್ನು ಇಟ್ಟಳು. ನೋಡುತ್ತಾ ಕೂತವಳು ಏಳಲೇ ಇಲ್ಲ. ಕಡೆಗೆ ಕುರ್ಚಿ ನನಗೆ ಬಿಟ್ಟುಕೊಟ್ಟಳು. ಬಲೆಯ ನಡುವೆ ಒಂದು ನೀಲಿ ಎಳೆ, ಎರಡು ಕಪ್ಪು, ಒಂದು ಕೆಂಪು. ಹುಳದ ಹೊಟ್ಟೆಯಲ್ಲಿ ಇನ್ನಷ್ಟು. ನಮ್ಮ ಹಳ್ಳದಷ್ಟು ಇರಲಿಲ್ಲ. ಆದರೆ ಇತ್ತು. ಯಾವ ಊರಿನದೋ, ಯಾರ ಬಟ್ಟೆಯದೋ, ಹಿಮದ ಜೊತೆ ಇಳಿದು ಬಂದಿತ್ತು.

ಶಿಗೆರು ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ತಾವೇ ಬಂದು ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಮಗಳ ಕಡೆ ತಿರುಗಿದರು. ಅವರಿಬ್ಬರು ಆಡಿದ್ದನ್ನು ಅವಳು ಆಮೇಲೆ ನನಗೆ ಹೇಳಿದಳು.

"ಮೇಲೆಯೇ ಹೀಗಾದರೆ, ಕೆಳಗೆ ನನ್ನ ನದಿಯಲ್ಲಿ?"

ಮಿದೋರಿ ಕಪಾಟಿನಿಂದ ನದಿಯ ಹುಳದ ಒಂದು ತಟ್ಟೆ ತೆಗೆದಿಟ್ಟಳು. ಅವರು ಅದನ್ನೂ ನೋಡಿದರು.

"ಈ ದುಂಡಗಿನವು?"

"ಮೊಟ್ಟೆಯಲ್ಲ ಅಪ್ಪ."

"ನಿನಗೆ ಯಾವಾಗಿನಿಂದ ಗೊತ್ತು?"

"ಪರೀಕ್ಷೆಗೆಂದು ನೀವು ತಂದುಕೊಟ್ಟ ಮೊದಲ ಹುಳದ ಡಬ್ಬಿಯಿಂದ."

ಅವರು ಬೈಯಲಿಲ್ಲ. ಟೋಪಿ ಹಾಕಿಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತರು.

ತೆನ್ರ್ಯೂ ನದಿ

ಮರುದಿನ ಬೆಳಿಗ್ಗೆ ಶಿಗೆರು ಎಂದಿನಂತೆ ನದಿಗೆ ಹೊರಟರು. ಮಿದೋರಿ ನನ್ನನ್ನೂ ಎಬ್ಬಿಸಿದಳು. ನಾವು ಹೋದಾಗ ಅವರು ಜಾರದಂತೆ ಕಾಲಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿಕೊಂಡು, ತೊಡೆಮಟ್ಟದ ನೀರಿನಲ್ಲಿ ನಿಂತು, ಕಲ್ಲುಗಳನ್ನು ತುಳಿದು ತಿರುವುತ್ತಿದ್ದರು. ಕೆಳಗೆ ಒಡ್ಡಿದ ಬಲೆಗೆ ಹುಳಗಳು ಬಂದು ಬೀಳುತ್ತಿದ್ದವು. ಕಡಿಮೆಯೇ. ಹಿಂದೆಲ್ಲ ಬಲೆ ಎತ್ತಲು ಕೈ ಸೋಲುತ್ತಿತ್ತಂತೆ.

ಮನೆಗೆ ಬಂದು ಅಡುಗೆಮನೆಯ ಕಿಟಕಿಯ ಬಳಿ ಬಟ್ಟಲಿಟ್ಟುಕೊಂಡು ಕೂತರು. ಮಗಳ ಸಣ್ಣ ಚಿಮಟ ಕೇಳಿ ತೆಗೆದುಕೊಂಡರು. ಒಂದೊಂದೇ ಹುಳ ಎತ್ತಿ, ಬೆಳಕಿಗೆ ಹಿಡಿದು, ಮೈಗಂಟಿದ ಸಿಪ್ಪೆ ಬಿಡಿಸತೊಡಗಿದರು. ಮೊದಮೊದಲು ಚಿಮಟಕ್ಕೆ ಸಿಕ್ಕಿತು. ಆಮೇಲೆ ಸಿಕ್ಕಲಿಲ್ಲ. ಒಂದು ಹುಳವನ್ನು ಸೀಳಿ, ಒಳಗೆ ಮೊನೆ ಹಾಕಿ ಹುಡುಕಿದರು. ಮಿದೋರಿ "ಸಾಕು ಅಪ್ಪ" ಎಂದು ಕೈ ಹಿಡಿದಳು. ಅವರು ಬಿಡಿಸಿಕೊಂಡು ಇನ್ನೊಂದನ್ನು ಎತ್ತಿಕೊಂಡರು.

ಆಮೇಲೆ ನನ್ನ ಕಡೆ ನೋಡಿ ಏನೋ ಕೇಳಿದರು. ಮಿದೋರಿ ದಾಟಿಸಿದಳು: "ನಿಮ್ಮ ಊರಿನಲ್ಲಿ ಇದನ್ನು ಹೇಗೆ ತೆಗೆಯುತ್ತೀರಿ?"

ಅಷ್ಟು ದೂರದಿಂದ ಬಂದವಳಿಗೆ ಏನೋ ತಿಳಿದಿರಬೇಕು ಎಂದು ಅವರು ನಂಬಿದ್ದರು. ನಾನು ಅವರ ದೇಶದ ಬಗ್ಗೆ ನಂಬಿದ್ದ ಹಾಗೆಯೇ.

"ತೆಗೆಯಲಿಕ್ಕೆ ಆಗುವುದಿಲ್ಲ" ಎಂದೆ. ಮಿದೋರಿ ಅದನ್ನು ಅನುವಾದಿಸಲು ಬಹಳ ಹೊತ್ತು ತೆಗೆದುಕೊಂಡಳು.

ಸಂಜೆಗೆ ಮುಂಚೆ ಅವರು ಬಟ್ಟಲನ್ನು ಎತ್ತಿಕೊಂಡು ನದಿಗೆ ಹೋದರು. ಜೀವವಿದ್ದ ಹುಳಗಳನ್ನು ಕಲ್ಲಿನ ಸಂದಿ ನೋಡಿ ನೋಡಿ ಬಿಟ್ಟರು. ಪ್ರತಿ ವರ್ಷ ಪಾಕ ಹಾಕಿ ನೆರೆಮನೆಗಳಿಗೆ ಹಂಚುವ ಡಬ್ಬಿಗಳು ಆ ವರ್ಷ ತೊಳೆದಿಟ್ಟಂತೆಯೇ ಉಳಿದವು. ಮೊದಲ ದಿನ ನನ್ನ ಮುಂದಿಟ್ಟ ಬಟ್ಟಲಿನಲ್ಲಿ ಸ್ವಲ್ಪ ಮಿಕ್ಕಿತ್ತು. ಅದನ್ನು ಚೆಲ್ಲಲಿಲ್ಲ. ರಾತ್ರಿಯೂಟಕ್ಕೆ ಅನ್ನದ ಜೊತೆ ಒಂದೊಂದಾಗಿ ತಿಂದು ಮುಗಿಸಿದರು. ಮಿದೋರಿ ಕೊನೆಯ ಒಂದನ್ನು ಅವರ ಬಟ್ಟಲಿನಿಂದ ಎತ್ತಿ ಬಾಯಿಗೆ ಹಾಕಿಕೊಂಡಳು.

ನಾನು ಹೊರಡುವ ದಿನ ಇಬ್ಬರೂ ನಿಲ್ದಾಣಕ್ಕೆ ಬಂದರು. ರೈಲು ಬರುವುದಕ್ಕೆ ಮುಂಚೆ ಶಿಗೆರು ನನ್ನೆದುರು ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಬಗ್ಗಿದವರು ಏಳಲೇ ಇಲ್ಲ. ತಲೆ ತಗ್ಗಿಸಿಕೊಂಡೇ ಏನೋ ಹೇಳಿದರು. ಮಿದೋರಿ ದಾಟಿಸಿದಳು:

"ಅಷ್ಟು ದೂರದಿಂದ ಒಂದು ಹಳ್ಳ ನೋಡಲೆಂದು ಬಂದಿರಿ. ತೋರಿಸಲು ಆಗಲಿಲ್ಲ. ಕ್ಷಮಿಸಬೇಕು, ಅನ್ನುತ್ತಿದ್ದಾರೆ."

ನನಗೆ ಅವರ ಭಾಷೆ ಬಾರದು. ನಮ್ಮೂರಿನಲ್ಲಿ ಹಿರಿಯರಿಗೆ ಮಾಡುವ ಹಾಗೆ ಬಗ್ಗಿ ಅವರ ಕಾಲು ಮುಟ್ಟಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು. ರೈಲು ಬಂತು.

ಮತ್ತೆ ಸಂಸೆ

ಕಳಸದಿಂದ ಸಂಸೆಗೆ ಬರುವಾಗ ಜೀಪಿನಲ್ಲಿ ಪರಿಚಯದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಹೌದಾ ಮೇಡಂ, ಅಲ್ಲಿ ಅಷ್ಟು ಕ್ಲೀನಾ?" ಹೌದು ಎಂದೆ. ಸುಳ್ಳಲ್ಲ. ರಸ್ತೆಯಲ್ಲಿ ನಿಜವಾಗಿಯೂ ಒಂದು ಕಾಗದದ ಚೂರು ಕಾಣಲಿಲ್ಲ.

ಮನೆ ತಲುಪಿದಾಗ ಅಂಗಳದ ತುಂಬ ಹೊಸ ಟಾರ್ಪಾಲಿನ ಮೇಲೆ ಕಾಫಿ ಹರಡಿತ್ತು. ಕೊನೆಯ ಕೊಯ್ಲು. ಅಣ್ಣ ಮೇಸ್ತ್ರಿಯ ಜೊತೆ ತೋಟದಲ್ಲಿದ್ದ. ಅವನಿಗೆ ಏನು ಹೇಳುವುದು? ಹಳೆಯ ಟಾರ್ಪಾಲ್ ಪುಡಿಯಾಗುತ್ತಿದೆ ಎಂದು ಹೋದ ವರ್ಷ ನಾನೇ ಹೇಳಿದ್ದೆ. ಅದಕ್ಕೇ ಹೊಸದು ತಂದಿದ್ದಾನೆ. ಸಿಮೆಂಟಿನ ಕಣ ಮಾಡಿಸಿದರೆ ಒಂದು ಅಂಗಳದ ನೀಲಿ ನಿಲ್ಲಬಹುದು. ಗಾಳಿಯಲ್ಲಿ ಬರುವುದು ನಿಲ್ಲುವುದಿಲ್ಲ.

ಅತ್ತಿಗೆ ಒಳಗಿನಿಂದ ತಂಬಿಗೆ ಲೋಟ ಹಿಡಿದು ಬಂದರು. ಬೆಟ್ಟದ ಬುಡದಲ್ಲಿ ಹಳ್ಳಕ್ಕೆ ಪೈಪು ಹಾಕಿ ಮನೆಗೆ ಇಳಿಸಿಕೊಂಡ ಅಬ್ಬಿ ನೀರು. ಬೇಸಿಗೆಯಲ್ಲೂ ತಣ್ಣಗಿರುತ್ತದೆ. ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಮೊದಲು ಕೊಡುವುದು ಅದನ್ನೇ.

"ಬಾಟ್ಲಿ ನೀರು ಕುಡ್ದು ಕುಡ್ದು ಸಾಕಾಗಿರ್ತದೆ, ತಕೋ" ಎಂದರು. "ನಿಜ ಹೇಳು ಮಾರಾಯ್ತಿ, ಎಂಥಾ ದೇಶ ಆದ್ರೂ ಇಂಥ ನೀರು ಸಿಕ್ತಾ ಅಲ್ಲಿ?"

ಒಂದೇ ಉಸಿರಿಗೆ ಕುಡಿದೆ. ಸಿಹಿಯಾಗಿತ್ತು.

"ಅಲ್ಲೂ ಇದೇ ನೀರು ಅತ್ತಿಗೆ" ಎಂದೆ.

ಜಪಾನನ್ನು ಹೊಗಳಿದೆ ಎಂದುಕೊಂಡು ಅವರು ನಕ್ಕರು. ಲೋಟಕ್ಕೆ ಮತ್ತೆ ನೀರು ತುಂಬಿಸಿದರು.